‘ಸ್ಟಾರ್ಟ್ ಆಗ್ತಿಲ್ಲ’ ಎಂದರೆ ಯಾವುದು ಆಗುತ್ತಿಲ್ಲ?

ತುಮಕೂರಿನಲ್ಲಿ ಡೀಸೆಲ್ ಮೆಕ್ಯಾನಿಕ್ ಕೆಲಸ ಕಲಿಯುತ್ತಿರುವ ವಿದ್ಯಾರ್ಥಿಗಳು ಮತ್ತು ಟ್ರ್ಯಾಕ್ಟರ್, ಪಂಪ್‌ಸೆಟ್ ರಿಪೇರಿಯಲ್ಲಿ ತೊಡಗಿರುವ ಗೆಳೆಯರು ಸೇರಿದ್ದ ಸಭೆಯಲ್ಲಿ ಮಾಡಿದ ಉಪನ್ಯಾಸವಿದು. ಬರಹಕ್ಕೆ ಇಳಿಸುವಾಗ ಮಾತಿನ ಕ್ರಮವನ್ನು ಉಳಿಸಿಕೊಂಡು, ಅಂದು ಸಮಯ ಸಾಲದೆ ಬಿಟ್ಟಿದ್ದ ಒಂದೆರಡು ಲೆಕ್ಕಗಳನ್ನು ಸೇರಿಸಿದ್ದೇನೆ.

ಹಿರಿಯರೇ, ವಿದ್ಯಾರ್ಥಿ ಮಿತ್ರರೇ,

ಸಮುದ್ರದಿಂದ ಇಷ್ಟು ದೂರ, ಘಟ್ಟದ ಈಚೆಗಿರುವ ತುಮಕೂರಿನಲ್ಲಿ ದೋಣಿಯ ಇಂಜಿನ್ನಿನ ವಿಷಯ ಏಕೆ ಎಂಬ ಪ್ರಶ್ನೆ ನಿಮ್ಮಲ್ಲಿ ಕೆಲವರಿಗೆ ಬಂದಿರಬಹುದು. ನಾನು ಗುಬ್ಬಿ ತಾಲ್ಲೂಕಿನವನು. ಇದೇ ಊರಿನಲ್ಲಿ ಕೆಲಸ ಕಲಿತು, ಮಲ್ಪೆಗೆ ಹೋಗಿ ಹನ್ನೊಂದು ವರ್ಷ ಮೀನುಗಾರಿಕೆ ಬೋಟುಗಳ ಇಂಜಿನ್ ಕೆಲಸ ಮಾಡಿ, ಈಗ ಅಂತರಸನಹಳ್ಳಿಯ ಹತ್ತಿರ ಟ್ರ್ಯಾಕ್ಟರ್ ಮತ್ತು ಡೀಸೆಲ್ ಇಂಜಿನ್‌ಗಳ ವರ್ಕ್‌ಶಾಪ್ ನಡೆಸುತ್ತಿದ್ದೇನೆ. 2022ರ ಮಳೆಗಾಲದಲ್ಲಿ ನಮ್ಮ ಜಿಲ್ಲೆಯ ಎಷ್ಟೋ ಕೆರೆಗಳು ಕೋಡಿ ಬಿದ್ದದ್ದನ್ನು ನೀವೆಲ್ಲ ಕಂಡಿದ್ದೀರಿ. ಅಂಥ ದಿನಗಳಲ್ಲಿ ರಬ್ಬರ್ ದೋಣಿಯ ಹಿಂಬದಿಗೆ ಬಿಗಿದ ಔಟ್‌ಬೋರ್ಡ್ ಇಂಜಿನ್ ಒಂದೇ ಎಳೆತಕ್ಕೆ ಹೊರಡಬೇಕಾಗುತ್ತದೆ, ಹೊರಡದಿದ್ದಾಗ ಅದನ್ನು ನೋಡಲು ಕರೆ ಬರುವುದು ಟ್ರ್ಯಾಕ್ಟರ್ ರಿಪೇರಿಯ ನಮ್ಮಂಥವರಿಗೇ. ಆದರೆ ನಾನು ಇಂದು ರಿಪೇರಿಯ ಪಾಠ ಹೇಳಲು ಬಂದಿಲ್ಲ. ರಿಪೇರಿಗೂ ಮೊದಲು ನಡೆಯುವ ಒಂದು ಕೆಲಸದ ಬಗ್ಗೆ, ಅಂದರೆ ಇಂಜಿನ್ನಿಗೆ ಏನಾಗಿದೆ ಎಂಬುದನ್ನು ಒಬ್ಬರು ಇನ್ನೊಬ್ಬರಿಗೆ ಮಾತಿನಲ್ಲಿ ತಿಳಿಸುವ ಕೆಲಸದ ಬಗ್ಗೆ ಹೇಳಬೇಕೆಂದಿದ್ದೇನೆ. ನಾನು ಕಂಡ ನಷ್ಟಗಳಲ್ಲಿ ಬಹುಪಾಲು ಆಗಿರುವುದು ಪಾನಾ ಹಿಡಿದ ಕೈಯಿಂದಲ್ಲ, ಸರಿಯಾಗಿ ತಲುಪದ ಮಾತಿನಿಂದ.

ನನ್ನಿಂದಲೇ ಆದ ಒಂದು ತಪ್ಪಿನಿಂದ ಆರಂಭಿಸುತ್ತೇನೆ. ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುತ್ತದೆ. ಎರಡು ತಿಂಗಳು ಸುಮ್ಮನೆ ನಿಂತ ಬೋಟುಗಳನ್ನು ಆಗಸ್ಟ್ ತಿಂಗಳ ಮೊದಲ ದಿನಗಳಲ್ಲಿ ಒಮ್ಮೆಲೇ ಹೊರಡಿಸಬೇಕು. ಆ ವಾರ ಮೆಕ್ಯಾನಿಕ್‌ಗಳಿಗೆ ಊಟಕ್ಕೂ ಬಿಡುವು ಸಿಗುವುದಿಲ್ಲ. ಅಂಥದೊಂದು ಬೆಳಗಿನ ಜಾವ ಬೋಟಿನ ಮಾಲೀಕರೊಬ್ಬರು ಫೋನ್ ಮಾಡಿ, “ಇಂಜಿನ್ ಸ್ಟಾರ್ಟ್ ಆಗುದಿಲ್ಲ ಮಾರಾಯ್ರೆ” ಎಂದರು. ಅವರ ಮಾತು ಕೇಳಿದ ತಕ್ಷಣ ನನ್ನ ಮನಸ್ಸಿಗೆ ಬಂದದ್ದು ಎರಡು ತಿಂಗಳು ಚಾರ್ಜ್ ಕಾಣದ ಬ್ಯಾಟರಿ. “ಇನ್ನೊಂದು ಬ್ಯಾಟರಿ ಜೋಡಿಸಿ, ಬಿಟ್ಟು ಬಿಟ್ಟು ಸೆಲ್ಫ್ ಹೊಡೆಯುತ್ತಾ ಇರಿ, ನಾನು ಬರುತ್ತೇನೆ” ಎಂದೆ. ಅವರು ಹಾಗೆಯೇ ಮಾಡಿದರು. ಆದರೆ ಅವರ ಇಂಜಿನ್ನಿನ ತೊಂದರೆ ಬ್ಯಾಟರಿಯದ್ದಾಗಿರಲಿಲ್ಲ. ಇಂಜಿನ್ ಚೆನ್ನಾಗಿಯೇ ತಿರುಗುತ್ತಿತ್ತು. ಹಿಂದಿನ ದಿನ ಡೀಸೆಲ್ ಫಿಲ್ಟರ್ ಬದಲಿಸಿದ್ದರಿಂದ ಪೈಪಿನಲ್ಲಿ ಗಾಳಿ ಸೇರಿ, ಡೀಸೆಲ್ ಮೇಲಕ್ಕೆ ಬರುತ್ತಿರಲಿಲ್ಲ. ನಾನು ತಲುಪುವ ಹೊತ್ತಿಗೆ ಸೆಲ್ಫ್ ಹೊಡೆದರೆ ‘ಟಕ್’ ಎಂಬ ಒಂದು ಗಟ್ಟಿ ಸದ್ದು ಬಂದು ಇಂಜಿನ್ ಅಲುಗದೆ ನಿಲ್ಲುತ್ತಿತ್ತು. ಸಿಲಿಂಡರಿನ ಒಳಗೆ ಸಮುದ್ರದ ನೀರು ತುಂಬಿತ್ತು.

ನೀರು ಅಲ್ಲಿಗೆ ಹೇಗೆ ಹೋಯಿತೆಂಬುದು ಟ್ರ್ಯಾಕ್ಟರ್ ಬಲ್ಲವರಿಗೆ ಹೊಸ ಸಂಗತಿಯಾದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಕೆಲವು ಬೋಟುಗಳಲ್ಲಿ ಇಂಜಿನ್ನನ್ನು ತಣಿಸಿದ ಸಮುದ್ರದ ನೀರನ್ನೇ ಸೈಲೆನ್ಸರಿನ ಪೈಪಿಗೆ ಬಿಟ್ಟು, ಹೊಗೆಯೊಂದಿಗೆ ಬೆರೆಸಿ ಹೊರಗೆ ಹಾಕುತ್ತಾರೆ. ಆ ನೀರನ್ನು ಎಳೆದು ತರುವ ಪಂಪು ಇಂಜಿನ್ನಿನಿಂದಲೇ ತಿರುಗುತ್ತದೆ, ಆದ್ದರಿಂದ ಸೆಲ್ಫ್ ಹೊಡೆಯುತ್ತಿರುವಾಗಲೂ ನೀರು ಬರುತ್ತಲೇ ಇರುತ್ತದೆ. ಇಂಜಿನ್ ಓಡುತ್ತಿದ್ದರೆ ಹೊಗೆಯ ರಭಸಕ್ಕೆ ಆ ನೀರು ಹೊರಗೆ ಚಿಮ್ಮುತ್ತದೆ. ಓಡದೆ ಬರೀ ತಿರುಗುತ್ತಿದ್ದರೆ ಅದನ್ನು ತಳ್ಳುವ ಶಕ್ತಿ ಇರುವುದಿಲ್ಲ, ಸೈಲೆನ್ಸರ್ ತುಂಬಿ, ನೀರು ಹಿಂದಕ್ಕೆ ಏರಿ, ತೆರೆದಿರುವ ಎಕ್ಸಾಸ್ಟ್ ವಾಲ್ವಿನ ಮೂಲಕ ಸಿಲಿಂಡರಿಗೆ ಇಳಿಯುತ್ತದೆ. ಗಾಳಿಯನ್ನು ಒತ್ತಬಹುದು, ನೀರನ್ನು ಒತ್ತಲಾಗುವುದಿಲ್ಲ, ಆದ್ದರಿಂದ ಪಿಸ್ಟನ್ ಅಲ್ಲಿಯೇ ನಿಲ್ಲುತ್ತದೆ. ಇಂಥ ಬೋಟಿನಲ್ಲಿ ಹೆಚ್ಚು ಹೊತ್ತು ಸೆಲ್ಫ್ ಹೊಡೆಯಬೇಕಾಗಿ ಬಂದರೆ ಸಮುದ್ರದ ನೀರು ಒಳಬರುವ ವಾಲ್ವನ್ನು ಮುಚ್ಚಿಕೊಂಡು, ಇಂಜಿನ್ ಓಡತೊಡಗಿದ ಕೂಡಲೇ ತೆರೆಯಬೇಕು. ಅದನ್ನು ನಾನು ಹೇಳಲಿಲ್ಲ, ಏಕೆಂದರೆ ಅವರ ಇಂಜಿನ್ ತಿರುಗುತ್ತಲೇ ಇಲ್ಲ ಎಂದು ಭಾವಿಸಿದ್ದೆ. ಸಿಲಿಂಡರಿಗೆ ಡೀಸೆಲ್ ಸಿಂಪಡಿಸುವ ಇಂಜೆಕ್ಟರ್‌ಗಳನ್ನು ಬಿಚ್ಚಿ ನೀರನ್ನು ಹೊರಗೆ ಹಾರಿಸಿ, ಹಾಲು ಬೆರೆಸಿದಂತೆ ಬೆಳ್ಳಗಾಗಿದ್ದ ಆಯಿಲನ್ನು ಮೂರು ಸಲ ಬದಲಿಸಿ ಇಂಜಿನ್ನನ್ನು ಉಳಿಸಿದೆವು. ಋತುವಿನ ಮೊದಲ ನಾಲ್ಕು ದಿನಗಳ ಮೀನು ಮಾತ್ರ ಅವರ ಪಾಲಿಗೆ ಬರಲಿಲ್ಲ. ‘ಸ್ಟಾರ್ಟ್ ಆಗುದಿಲ್ಲ’ ಎಂಬ ಎರಡು ಪದಗಳನ್ನು ಅವರು ಒಂದು ಅರ್ಥದಲ್ಲಿ ಆಡಿದ್ದರು, ನಾನು ಇನ್ನೊಂದು ಅರ್ಥದಲ್ಲಿ ಕೇಳಿಸಿಕೊಂಡಿದ್ದೆ. ಮರುಪ್ರಶ್ನೆ ಹಾಕಬೇಕಾಗಿದ್ದವನು ನಾನು.

ಈ ಗೊಂದಲದ ಬೇರು ಎಲ್ಲಿದೆ ಎಂದು ಆಮೇಲೆ ಬಹಳ ಯೋಚಿಸಿದ್ದೇನೆ. ನಮ್ಮ ತೋಟಗಳಲ್ಲಿ ಒಂದೇ ಸಿಲಿಂಡರಿನ ಹಳೆಯ ಡೀಸೆಲ್ ಇಂಜಿನ್‌ಗಳಿದ್ದ ಕಾಲವನ್ನು ಇಲ್ಲಿರುವ ಹಿರಿಯರು ನೆನಪಿಸಿಕೊಳ್ಳಬಹುದು. ಸಿಲಿಂಡರಿನ ಒತ್ತಡವನ್ನು ಬಿಡುವ ಡಿಕಂಪ್ರೆಷನ್ ಲಿವರ್ ಎತ್ತಿ ಹಿಡಿದು, ಹ್ಯಾಂಡಲ್ ಹಾಕಿ, ಮೈಯ ಬಲವನ್ನೆಲ್ಲ ಬಿಟ್ಟು ತಿರುಗಿಸಿ, ಚಕ್ರ ವೇಗ ಹಿಡಿದಾಗ ಲಿವರ್ ಬಿಟ್ಟರೆ ಇಂಜಿನ್ ‘ಡುಗ್ ಡುಗ್’ ಎಂದು ಹೊರಡುತ್ತಿತ್ತು. ಅಲ್ಲಿ ತಿರುಗಿಸುವವನು ಮನುಷ್ಯ, ಉರಿದು ಓಡುವುದು ಇಂಜಿನ್. ಎರಡೂ ಬೇರೆ ಬೇರೆ ಕೆಲಸಗಳೆಂಬುದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ, ತೋಳಿಗೇ ಅದು ತಿಳಿದಿತ್ತು. ನಮ್ಮಪ್ಪ “ಹ್ಯಾಂಡಲ್ ಬಿಗಿಯಾಗೈತೆ” ಎಂದರೆ ಒಂದು ಅರ್ಥ, “ಎಷ್ಟು ಹೊಡೆದರೂ ಹತ್ತುತ್ತಿಲ್ಲ” ಎಂದರೆ ಇನ್ನೊಂದು ಅರ್ಥ, ಅವುಗಳಲ್ಲಿ ಗೊಂದಲವೇ ಇರಲಿಲ್ಲ. ಅಮೆರಿಕದ ಚಾರ್ಲ್ಸ್ ಕೆಟರಿಂಗ್ 1911ರಲ್ಲಿ ರೂಪಿಸಿದ ವಿದ್ಯುತ್ ಸ್ಟಾರ್ಟರ್ 1912ರ ಕ್ಯಾಡಿಲಾಕ್ ಕಾರುಗಳಲ್ಲಿ ಬಂದ ಮೇಲೆ ತೋಳಿನ ಕೆಲಸವನ್ನು ಒಂದು ಸಣ್ಣ ಮೋಟಾರ್ ವಹಿಸಿಕೊಂಡಿತು. ಅದನ್ನೇ ‘ಸೆಲ್ಫ್ ಸ್ಟಾರ್ಟರ್’ ಎಂದು ಕರೆದರು, ನಾವು ಸ್ಟಾರ್ಟರನ್ನು ಬಿಟ್ಟು ‘ಸೆಲ್ಫ್’ ಮಾತ್ರ ಉಳಿಸಿಕೊಂಡೆವು. ಕೀಲಿ ತಿರುಗಿಸಿದರೆ ಎರಡು ಕೆಲಸಗಳೂ ಒಂದೇ ಕ್ಷಣದಲ್ಲಿ ಮುಗಿಯುವುದರಿಂದ ಅವೆರಡಕ್ಕೂ ‘ಸ್ಟಾರ್ಟ್’ ಎಂಬ ಒಂದೇ ಹೆಸರು ಅಂಟಿಕೊಂಡಿತು. ಎಲ್ಲವೂ ಸರಿಯಾಗಿರುವ ದಿನ ಅದರಿಂದ ತೊಂದರೆಯಿಲ್ಲ. ಕೆಟ್ಟ ದಿನ ಮಾತ್ರ ಆ ಒಂದು ಪದದೊಳಗೆ ಎರಡು ಕೆಲಸಗಳಲ್ಲಿ ಯಾವುದು ನಿಂತಿದೆ ಎಂಬುದು ಮರೆಯಾಗುತ್ತದೆ.

ಇಂಗ್ಲಿಷಿನ ಪದಗಳನ್ನು ಕಲಿತರೆ ಸಮಸ್ಯೆ ಮುಗಿಯುತ್ತದೆ ಎಂದು ಯಾರಾದರೂ ಭಾವಿಸಿದ್ದರೆ ಅದೂ ನಿಜವಲ್ಲ. ಆ ಭಾಷೆಯಲ್ಲಿ ‘ಕ್ರ್ಯಾಂಕ್’ ಎಂಬ ಪದ ತಿರುಗುವುದಕ್ಕೆ ಮಾತ್ರ ಸಲ್ಲುತ್ತದೆಯಾದರೂ, ‘ಟರ್ನ್ ಓವರ್’ ಎಂಬುದನ್ನು ಕೆಲವರು ಸೆಲ್ಫ್ ಇಂಜಿನ್ನನ್ನು ತಿರುಗಿಸುವುದಕ್ಕೂ ಇನ್ನು ಕೆಲವರು ಇಂಜಿನ್ ಹೊರಟು ಓಡುವುದಕ್ಕೂ ಬಳಸುತ್ತಾರೆ. ಅವರೂ ನಮ್ಮಂತೆಯೇ ಫೋನಿನಲ್ಲಿ ತಬ್ಬಿಬ್ಬಾಗುತ್ತಾರೆ.

ಇನ್ನು ಒಂದೊಂದೇ ಪದಕ್ಕೆ ಬರುತ್ತೇನೆ. ಮೊದಲು ‘ಬ್ಯಾಟರಿ ಡೌನ್’. ನನ್ನ ಅಭಿಪ್ರಾಯದಲ್ಲಿ ನಮ್ಮ ಕಸುಬಿನಲ್ಲಿ ಅತಿ ಹೆಚ್ಚು ಹಣ ಹಾಳುಮಾಡಿರುವ ಮಾತು ಇದೇ. ಕೀಲಿ ತಿರುಗಿಸಿದಾಗ ಬರುವ ಸದ್ದುಗಳು ಒಂದೇ ಬಗೆಯವಲ್ಲ. ಏನೂ ಸದ್ದಿಲ್ಲದಿರುವುದು ಒಂದು. ‘ಟಕ್’ ಎಂದು ಒಂದೇ ಸಲ ಬಡಿದು ಸುಮ್ಮನಾಗುವುದು ಇನ್ನೊಂದು. ‘ಕಟಕಟಕಟ’ ಎಂದು ಬಿಡದೆ ಬಡಿಯುವುದು ಮತ್ತೊಂದು. ‘ಗೊರ್‌… ಗೊರ್‌…’ ಎಂದು ನಿಧಾನವಾಗಿ ತಿರುಗುವುದು, ‘ಗ್ವೀಂ’ ಎಂದು ಸೆಲ್ಫ್ ಮಾತ್ರ ತಿರುಗಿ ಇಂಜಿನ್ ಕದಲದಿರುವುದು ಇನ್ನೂ ಬೇರೆ. ಈ ಐದಕ್ಕೂ ಜನ ‘ಬ್ಯಾಟರಿ ಡೌನ್’ ಎಂದೇ ಹೇಳುವುದನ್ನು ನಾನು ಕೇಳಿದ್ದೇನೆ. ಕಟಕಟ ಸದ್ದಿಗೆ ಅದು ಬಹುಮಟ್ಟಿಗೆ ಸರಿಯಾದ ಊಹೆ. ಸೆಲ್ಫಿನ ಮೇಲಿರುವ ಸೊಲೆನಾಯ್ಡ್ ಎಂಬ ವಿದ್ಯುತ್ಕಾಂತದ ಸ್ವಿಚ್ಚು ಎಳೆದುಕೊಂಡು ಮೋಟಾರಿಗೆ ದಪ್ಪ ತಂತಿಯ ದಾರಿ ಕೊಡುತ್ತದೆ, ಮೋಟಾರ್ ಒಮ್ಮೆಲೇ ಬಹಳ ಕರೆಂಟನ್ನು ಎಳೆಯುವುದರಿಂದ ವೋಲ್ಟೇಜ್ ಕುಸಿಯುತ್ತದೆ, ಕುಸಿದಾಗ ಸೊಲೆನಾಯ್ಡ್ ಹಿಡಿತ ಬಿಡುತ್ತದೆ, ಬಿಟ್ಟೊಡನೆ ವೋಲ್ಟೇಜ್ ಮೇಲೇರಿ ಅದು ಮತ್ತೆ ಎಳೆದುಕೊಳ್ಳುತ್ತದೆ. ಆದರೆ ಒಂದೇ ‘ಟಕ್’ ಬಂದರೆ ಸೊಲೆನಾಯ್ಡಿನ ಒಳಗಿನ ತಾಮ್ರದ ಕಾಂಟ್ಯಾಕ್ಟ್ ಸುಟ್ಟಿರಬಹುದು, ಸೆಲ್ಫ್ ಹಿಡಿದಿರಬಹುದು, ಅಥವಾ ನನ್ನ ಕಥೆಯಲ್ಲಾದಂತೆ ಸಿಲಿಂಡರಿನಲ್ಲಿ ನೀರಿರಬಹುದು. ಗ್ವೀಂ ಎಂದು ಸೆಲ್ಫ್ ಬರಿದೆ ತಿರುಗಿದರೆ ಬ್ಯಾಟರಿಯಲ್ಲಿ ಶಕ್ತಿಯಿದೆ ಎಂಬುದಕ್ಕೆ ಅದೇ ಸಾಕ್ಷಿ, ಸೆಲ್ಫಿನ ಸಣ್ಣ ಹಲ್ಲುಚಕ್ರವಾದ ಪಿನಿಯನ್ ಮುಂದೆ ಬಂದು ಇಂಜಿನ್ನಿನ ದೊಡ್ಡ ಚಕ್ರವಾದ ಫ್ಲೈವೀಲ್ ಹಲ್ಲಿಗೆ ಕೂರುತ್ತಿಲ್ಲ ಎಂದು ತಿಳಿಯಬೇಕು.

ಏನೂ ಸದ್ದಿಲ್ಲ ಎಂದವರನ್ನು ಬ್ಯಾಟರಿಯ ಕಡೆಗೆ ಕಳಿಸುವ ಮೊದಲು ದೋಣಿಯಲ್ಲಿ ಇನ್ನೊಂದು ಪ್ರಶ್ನೆ ಕೇಳಬೇಕು: ಗೇರ್ ನ್ಯೂಟ್ರಲ್‌ನಲ್ಲಿದೆಯೇ? ಗೇರಿನಲ್ಲಿದ್ದಾಗ ಇಂಜಿನ್ ಹೊರಟರೆ ದೋಣಿ ಎಗರಿ ಜನ ನೀರಿಗೆ ಬೀಳುವ ಅಪಾಯವಿರುವುದರಿಂದ ಹಲವು ಔಟ್‌ಬೋರ್ಡ್‌ಗಳಲ್ಲಿ ನ್ಯೂಟ್ರಲ್ ಇಲ್ಲದೆ ಸೆಲ್ಫ್ ಕೆಲಸ ಮಾಡದಂತೆ ತಡೆ ಇರುತ್ತದೆ. ಚಾಲಕನ ಮೈಗೆ ಕಟ್ಟಿಕೊಳ್ಳುವ ಕೆಂಪು ಸುರುಳಿ ದಾರದ ಕೊನೆಯ ಕ್ಲಿಪ್ಪು ಸ್ವಿಚ್ಚಿನಲ್ಲಿ ಇಲ್ಲದಿದ್ದರೂ ಇಂಜಿನ್ ಓಡುವುದಿಲ್ಲ. ಇವು ಕೆಟ್ಟಿರುವುದರ ಲಕ್ಷಣಗಳಲ್ಲ, ಯಂತ್ರ ಸರಿಯಾಗಿ ಕೆಲಸ ಮಾಡುತ್ತಿರುವುದರ ಲಕ್ಷಣಗಳು, ಆದರೂ ಇವಕ್ಕೆ ನಾವು ಕೊಡುವ ಹೆಸರು ‘ಸ್ಟಾರ್ಟ್ ಆಗ್ತಿಲ್ಲ’ ಎಂಬುದೇ.

“ಲೈಟ್ ಉರೀತೈತೆ, ಹಾರನ್ ಹೊಡೀತೈತೆ, ಬ್ಯಾಟರಿ ಚೆನ್ನಾಗೈತೆ” ಎಂಬ ಮಾತಿಗೂ ಒಂದು ಸಣ್ಣ ಲೆಕ್ಕ ಬೇಕು. ಪೂರ್ತಿ ಚಾರ್ಜ್ ಆದ 12 ವೋಲ್ಟಿನ ಬ್ಯಾಟರಿ ಸುಮ್ಮನಿರುವಾಗ ಸುಮಾರು 12.6 ವೋಲ್ಟ್ ತೋರಿಸುತ್ತದೆ. ಟರ್ಮಿನಲ್ಲಿನಲ್ಲಿ ಹಸಿರು ಕಿಲುಬು ಹಿಡಿದು 0.01 ಓಮ್‌ನಷ್ಟು ತಡೆ ಉಂಟಾಗಿದೆ ಎಂದುಕೊಳ್ಳಿ. 21 ವ್ಯಾಟಿನ ಬಲ್ಬು ಎಳೆಯುವುದು 1.75 ಆಂಪಿಯರ್, ಆ ತಡೆಯಲ್ಲಿ ಅದು ಕಳೆದುಕೊಳ್ಳುವುದು 0.0175 ವೋಲ್ಟ್, ಕಣ್ಣಿಗೆ ಏನೂ ತಿಳಿಯುವುದಿಲ್ಲ. ಅದೇ ದಾರಿಯಲ್ಲಿ ಸೆಲ್ಫ್ 200 ಆಂಪಿಯರ್ ಎಳೆದರೆ 2 ವೋಲ್ಟ್ ಅಲ್ಲಿಯೇ ಹೋಗುತ್ತದೆ, ಆ ಒಂದು ತಿರುಪಿನ ಜಾಗದಲ್ಲಿ 400 ವ್ಯಾಟಿನಷ್ಟು ಶಾಖ ಹುಟ್ಟುತ್ತದೆ. ಬಲ್ಬು ಪೂರ್ತಿ ಬೆಳಕು ಕೊಡುತ್ತಿರುತ್ತದೆ, ಸೆಲ್ಫ್ ಮಾತ್ರ ಸೊರಗುತ್ತದೆ. ಉಪ್ಪುಗಾಳಿಯಲ್ಲಿ ನಿಂತ ಬೋಟುಗಳಲ್ಲಿ ಹೊಸ ಬ್ಯಾಟರಿಗೆ ಹಣ ಕೊಟ್ಟು, ಹಳೆಯ ಕಿಲುಬಿನ ಮೇಲೆಯೇ ಅದನ್ನು ಬಿಗಿದು, ‘ಹೊಸ ಬ್ಯಾಟರಿಯೂ ಡೌನ್’ ಎಂದವರನ್ನು ನೋಡಿದ್ದೇನೆ. ಅವರಿಗೆ ಬೇಕಾಗಿದ್ದದ್ದು ಉಜ್ಜುವ ಕಾಗದ ಮತ್ತು ಬಿಸಿನೀರು.

ಎರಡನೆಯದಾಗಿ ‘ಸ್ಟಾರ್ಟರ್’ ಮತ್ತು ‘ಮೋಟಾರ್’. ಕೊಳವೆಬಾವಿಗಳ ನಾಡಾದ ತುಮಕೂರಿನಲ್ಲಿ ಸ್ಟಾರ್ಟರ್ ಎಂದರೆ ಪಂಪ್‌ಹೌಸಿನ ಗೋಡೆಯ ಮೇಲಿರುವ, ಹಸಿರು ಗುಂಡಿ ಮತ್ತು ಕೆಂಪು ಗುಂಡಿಯ ತಗಡಿನ ಪೆಟ್ಟಿಗೆ. ಮೋಟಾರ್ ಎಂದರೆ ನೂರಾರು ಅಡಿ ಕೆಳಗೆ ಬಾವಿಯಲ್ಲಿ ಇಳಿಬಿಟ್ಟಿರುವುದು. ದೋಣಿಯವರಿಗೆ ಮೋಟಾರ್ ಎಂದರೆ ಹಿಂಬದಿಯ ಇಡೀ ಔಟ್‌ಬೋರ್ಡ್ ಇಂಜಿನ್. ಸ್ಟಾರ್ಟರ್ ಎಂದರೆ ಸೆಲ್ಫ್ ಆಗಿರಬಹುದು, ಅದಕ್ಕೆ ಕರೆಂಟ್ ಕೊಡುವ ರಿಲೇ ಆಗಿರಬಹುದು, ಇಲ್ಲವೇ ಕೈಯಲ್ಲಿ ಎಳೆಯುವ ಹಗ್ಗದ ಸುರುಳಿಯೂ ಆಗಿರಬಹುದು. ಕೆರೆಯೊಂದರ ದಡದಿಂದ ಒಮ್ಮೆ “ಸ್ಟಾರ್ಟರ್ ಕಿತ್ತುಹೋಗಿದೆ” ಎಂದು ಕರೆ ಬಂದಾಗ ನಾನು ಸೆಲ್ಫನ್ನು ಬಿಗಿಯುವ ಬೋಲ್ಟುಗಳನ್ನು ಚೀಲಕ್ಕೆ ಹಾಕಿಕೊಂಡು ಹೋದೆ, ಅಲ್ಲಿ ಕಿತ್ತುಹೋಗಿದ್ದದ್ದು ಹಗ್ಗ. ಹಗ್ಗ ಎನ್ನಿ, ಸೆಲ್ಫ್ ಎನ್ನಿ, ಪೆಟ್ಟಿಗೆ ಎನ್ನಿ. ವಸ್ತುವಿನ ಹೆಸರು ತಿಳಿಯದಿದ್ದರೆ ಅದು ಇರುವ ಜಾಗವನ್ನು ಹೇಳಿದರೂ ಸಾಕು. ಹಗ್ಗದ ವಿಷಯ ಬಂದದ್ದರಿಂದ ಒಂದು ಉಪಯೋಗದ ಮಾತು: ಪೆಟ್ರೋಲನ್ನು ಗಾಳಿಯೊಂದಿಗೆ ಬೆರೆಸುವ ಕಾರ್ಬ್ಯುರೇಟರ್ ಇರುವ ಸಣ್ಣ ಔಟ್‌ಬೋರ್ಡ್ ಕೀಲಿಗೆ ಹೊರಡದೆ ಹಗ್ಗಕ್ಕೆ ಹೊರಟರೆ ಇಂಧನವೂ ಕಿಡಿಯೂ ಸರಿಯಾಗಿವೆ ಎಂದಾಯಿತು, ಹುಡುಕಬೇಕಾದದ್ದು ಬ್ಯಾಟರಿಯಿಂದ ಸೆಲ್ಫ್‌ವರೆಗಿನ ದಾರಿಯಲ್ಲಿ ಮಾತ್ರ.

ನನಗೆ ಅತ್ಯಂತ ಕುತೂಹಲದ್ದಾಗಿ ಕಾಣುವ ಪದ ‘ಏರ್’. ನಮ್ಮ ರೈತರು ಪಂಪು ನೀರೆತ್ತದಿದ್ದಾಗ ‘ಏರ್ ಹಿಡಿದಿದೆ’ ಎನ್ನುತ್ತಾರೆ, ಪಂಪಿಗೆ ನೀರು ತುಂಬಿ ಪ್ರೈಮಿಂಗ್ ಮಾಡುತ್ತಾರೆ. ಡೀಸೆಲ್ ಇಂಜಿನ್ನಿನಲ್ಲಿ ಏರ್ ಹಿಡಿಯುವುದೆಂದರೆ ಇಂಜೆಕ್ಷನ್ ಪಂಪಿನ ಒಳಗೆ, ಪೈಪಿನ ಒಳಗೆ ಗಾಳಿಯ ಗುಳ್ಳೆ ಸೇರುವುದು. ಗುಳ್ಳೆ ಸ್ಪ್ರಿಂಗಿನಂತೆ ಕುಗ್ಗಿ ಹಿಗ್ಗುವುದರಿಂದ ಇಂಜೆಕ್ಟರ್ ತೆರೆಯುವಷ್ಟು ಒತ್ತಡ ಏರುವುದೇ ಇಲ್ಲ. ಏರ್ ತೆಗೆಯುವ ತಿರುಪನ್ನು ಸಡಿಲಿಸಿ, ಕೈಪಂಪು ಒತ್ತಿ, ನೊರೆಯಿಲ್ಲದ ಡೀಸೆಲ್ ಬರುವವರೆಗೆ ಕಾಯಬೇಕು. ಇವೆರಡೂ ಇರಬಾರದ ಕಡೆ ಗಾಳಿ ಇರುವ ಸಂಗತಿಗಳು. ಆದರೆ ಔಟ್‌ಬೋರ್ಡಿನ ಬಿಡಿ ಪೆಟ್ರೋಲ್ ಟ್ಯಾಂಕಿನ ಮುಚ್ಚಳದಲ್ಲಿ ಗಾಳಿ ಒಳಹೋಗಲೆಂದು ಒಂದು ಸಣ್ಣ ತಿರುಪಿರುತ್ತದೆ. ಅದನ್ನು ತೆರೆಯಲು ಮರೆತರೆ ಇಂಜಿನ್ ಹೊರಟು, ಕೆಲವು ನಿಮಿಷ ಓಡಿ, ಟ್ಯಾಂಕಿನೊಳಗೆ ಹೀರಿಕೆ ಹೆಚ್ಚಿದಂತೆ ಪೆಟ್ರೋಲ್ ಬರದೆ ಸೊರಗಿ ನಿಲ್ಲುತ್ತದೆ. ಜನ ಇದನ್ನೂ ‘ಏರ್ ಲಾಕ್’ ಎನ್ನುತ್ತಾರೆ. ಇಲ್ಲಿರುವುದು ಗಾಳಿಯ ಕೊರತೆ. ಒಂದೇ ಪದ ಪೂರಾ ವಿರುದ್ಧವಾದ ಎರಡು ಸ್ಥಿತಿಗಳಿಗೆ ಸಲ್ಲುತ್ತಿರುವಾಗ ಆ ಪದವನ್ನು ನಂಬಿ ಯಾವ ತಿರುಪನ್ನು ಮುಟ್ಟುವುದು? ಆದ್ದರಿಂದ ಪದವನ್ನು ಬಿಟ್ಟು ಕಂಡದ್ದನ್ನು ಕೇಳಬೇಕು. ಟ್ಯಾಂಕಿಗೂ ಇಂಜಿನ್ನಿಗೂ ನಡುವಿನ ಪೈಪಿನಲ್ಲಿ ಕೈಯಿಂದ ಹಿಸುಕುವ ರಬ್ಬರಿನ ಉಂಡೆಯಿದೆಯಲ್ಲ, ಅದು ಚಪ್ಪಟೆಯಾಗಿ ಒಳಕ್ಕೆ ಎಳೆದುಕೊಂಡಿದ್ದರೆ ಟ್ಯಾಂಕಿನ ಕಡೆಯಿಂದ ದಾರಿ ಮುಚ್ಚಿದೆ. ಎಷ್ಟು ಹಿಸುಕಿದರೂ ಗಟ್ಟಿಯಾಗದಿದ್ದರೆ ಎಲ್ಲಿಂದಲೋ ಗಾಳಿ ನುಗ್ಗುತ್ತಿದೆ, ಇಲ್ಲವೇ ಟ್ಯಾಂಕಿನಲ್ಲಿ ಪೆಟ್ರೋಲೇ ಇಲ್ಲ.

‘ಚೋಕ್’ ಎಂಬುದೂ ಇಂಥದೇ. ತಣ್ಣಗಿರುವ ಪೆಟ್ರೋಲ್ ಇಂಜಿನ್ನಿಗೆ ಗಾಳಿ ಕಡಿಮೆ ಮಾಡಿ ಪೆಟ್ರೋಲಿನ ಪಾಲು ಹೆಚ್ಚಿಸುವ ಲಿವರ್ ಚೋಕ್. ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಬರುವ ಸಣ್ಣ ರಂಧ್ರವಾದ ಜೆಟ್‌ನಲ್ಲಿ ಕಸ ಕಟ್ಟಿಕೊಂಡರೂ ‘ಚೋಕ್ ಆಗಿದೆ’ ಎನ್ನುತ್ತೇವೆ, ಅದರಿಂದ ಪೆಟ್ರೋಲಿನ ಪಾಲು ಕಡಿಮೆಯಾಗುತ್ತದೆ. ‘ಚೋಕ್ ಇದೆ’ ಎಂದ ಮಾತನ್ನು ‘ಚೋಕ್ ಆಗಿದೆ’ ಎಂದು ಕೇಳಿಸಿಕೊಂಡು ಕಾರ್ಬ್ಯುರೇಟರ್ ಬಿಚ್ಚಿದ ಹುಡುಗನೊಬ್ಬ ನನ್ನ ಹತ್ತಿರವೇ ಕೆಲಸ ಕಲಿತ, ಅವನ ತಪ್ಪೇನೂ ಅದರಲ್ಲಿರಲಿಲ್ಲ. ‘ಪೆಟ್ರೋಲ್ ಓವರ್ ಆಗಿದೆ’ ಎಂಬುದನ್ನೂ ನೋಡಿ. ಒಬ್ಬರಿಗೆ ಅದು ಪೆಟ್ರೋಲ್ ಮುಗಿದಿದೆ ಎಂದಾದರೆ, ಮೆಕ್ಯಾನಿಕ್‌ಗೆ ಸಿಲಿಂಡರಿನಲ್ಲಿ ಪೆಟ್ರೋಲ್ ಹೆಚ್ಚಾಗಿ ಪ್ಲಗ್ ನೆನೆದಿದೆ ಎಂದು. ಮೊದಲನೆಯದಕ್ಕೆ ಪೆಟ್ರೋಲ್ ಹಾಕಬೇಕು, ಎರಡನೆಯದಕ್ಕೆ ಇರುವುದನ್ನು ಒಣಗಿಸಬೇಕು. ‘ಮುಗಿದಿದೆ’, ‘ಹೆಚ್ಚಾಗಿದೆ’ ಎಂಬ ನಮ್ಮ ಪದಗಳು ಕೈಯಳತೆಯಲ್ಲೇ ಇರುವಾಗ ‘ಓವರ್’ ಅನ್ನು ಬಿಡುವುದೇ ಒಳ್ಳೆಯದು.

ಕರಾವಳಿಯ ನಾಡದೋಣಿಗಳ ಸಂಗತಿ ಇನ್ನೂ ಸೂಕ್ಷ್ಮ. ಅವುಗಳ ಔಟ್‌ಬೋರ್ಡ್‌ಗಳಲ್ಲಿ ಬಹಳಷ್ಟು ಸೀಮೆಎಣ್ಣೆಯಲ್ಲಿ ಓಡುತ್ತವೆ. ಸೀಮೆಎಣ್ಣೆ ತಣ್ಣಗಿರುವಾಗ ಸುಲಭವಾಗಿ ಆವಿಯಾಗುವುದಿಲ್ಲವಾದ್ದರಿಂದ ಪೆಟ್ರೋಲಿನಲ್ಲಿ ಹೊರಡಿಸಿ, ಇಂಜಿನ್ ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸುತ್ತಾರೆ. ನಿಲ್ಲಿಸುವ ಮೊದಲು ಮತ್ತೆ ಪೆಟ್ರೋಲಿಗೆ ತಂದು ಸ್ವಲ್ಪ ಹೊತ್ತು ಓಡಿಸದಿದ್ದರೆ ಕಾರ್ಬ್ಯುರೇಟರಿನಲ್ಲಿ ಸೀಮೆಎಣ್ಣೆ ಉಳಿದು, ಮರುದಿನ ಬೆಳಿಗ್ಗೆ ಎಷ್ಟು ಎಳೆದರೂ ಇಂಜಿನ್ ಹೊರಡುವುದಿಲ್ಲ. ಅಲ್ಲಿ ‘ಎಣ್ಣೆ ಬರ್ತಾ ಉಂಟಾ’ ಎಂದು ಕೇಳಿದರೆ ‘ಉಂಟು’ ಎಂಬ ಉತ್ತರ ಬರುತ್ತದೆ, ಅದು ನಿಜವೂ ಹೌದು. ಯಾವ ಎಣ್ಣೆ ಎಂದು ಕೇಳದಿದ್ದರೆ ಕೇಳಿದ್ದು ವ್ಯರ್ಥ. ನಿನ್ನೆ ಸಂಜೆ ಹೇಗೆ ನಿಲ್ಲಿಸಿದಿರಿ ಎಂಬ ಪ್ರಶ್ನೆಯನ್ನು ನಾನು ಕಲಿತದ್ದು ಒಬ್ಬ ವೃದ್ಧ ಮೀನುಗಾರರಿಂದ.

ಇಂಜಿನ್ ತಿರುಗುತ್ತಿದೆ, ಆದರೆ ಓಡುತ್ತಿಲ್ಲ ಎಂದಾದಾಗ ‘ಕರೆಂಟ್ ಬರ್ತಿಲ್ಲ’ ಎಂದು ಡೀಸೆಲ್ ಇಂಜಿನ್ನಿಗೂ ಹೇಳುವವರಿದ್ದಾರೆ. ಡೀಸೆಲ್ ಇಂಜಿನ್ನಿಗೆ ಕಿಡಿ ಬೇಕಿಲ್ಲ. ಗಾಳಿಯನ್ನು ಬಲವಾಗಿ ಒತ್ತಿದಾಗ ಅದರ ಬಿಸಿ 500 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿಗೆ ಏರುತ್ತದೆ, ಆ ಬಿಸಿಗೆ ಸಿಂಪಡಿಸಿದ ಡೀಸೆಲ್ ತಾನಾಗಿ ಉರಿಯುತ್ತದೆ. ರುಡಾಲ್ಫ್ ಡೀಸೆಲ್ 1897ರಲ್ಲಿ ಜರ್ಮನಿಯ ಔಗ್ಸ್‌ಬರ್ಗ್‌ನಲ್ಲಿ ಓಡಿಸಿ ತೋರಿಸಿದ ತತ್ವ ಇದೇ. ಆದ್ದರಿಂದ ಡೀಸೆಲ್ ಇಂಜಿನ್ ತಿರುಗುವಾಗ ಕೇಳಬೇಕಾದದ್ದು ಹೊಗೆಯ ಬಗ್ಗೆ. ಸೈಲೆನ್ಸರಿನಿಂದ ಏನೂ ಹೊಗೆ ಬರುತ್ತಿಲ್ಲವೆಂದರೆ ಡೀಸೆಲ್ ಸಿಲಿಂಡರಿಗೆ ತಲುಪುತ್ತಿಲ್ಲ. ಬಿಳಿ ಹೊಗೆ ಬರುತ್ತಿದೆ ಎಂದರೆ ಡೀಸೆಲ್ ತಲುಪುತ್ತಿದೆ, ಉರಿಯುವಷ್ಟು ಬಿಸಿ ಸಿಗುತ್ತಿಲ್ಲ. ಇಂಜಿನ್ ಬಿಚ್ಚದೆ, ಒಂದು ಪೈಸೆ ಖರ್ಚಿಲ್ಲದೆ ಸಿಗುವ ಈ ಮಾಹಿತಿಯನ್ನು ಫೋನಿನಲ್ಲಿ ಹೇಳುವವರು ಬಹಳ ಅಪರೂಪ, ಏಕೆಂದರೆ ಅದನ್ನು ಕೇಳುವವರೂ ಅಪರೂಪ.

‘ಜಾಮ್ ಆಗಿದೆ’, ‘ಶಾರ್ಟ್ ಆಗಿದೆ’ ಎಂಬ ಮಾತುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ತಂತಿ ತುಂಡಾಗಿದ್ದರೂ ಶಾರ್ಟ್ ಎನ್ನುವುದು ರೂಢಿಯಾಗಿಬಿಟ್ಟಿದೆ, ನಿಜವಾದ ಶಾರ್ಟಿನಲ್ಲಿ ಫ್ಯೂಸ್ ಹೋಗುತ್ತದೆ ಇಲ್ಲವೇ ತಂತಿ ಬಿಸಿಯಾಗುತ್ತದೆ ಎಂಬುದನ್ನು ನೆನಪಿಟ್ಟರೆ ಸಾಕು.

ಹಾಗಾದರೆ ಯಾವ ಪದಗಳನ್ನು ಬಳಸೋಣ? ಕನ್ನಡದಲ್ಲೇ ಹೇಳೋಣವೆಂದು ನಾನು ಕೆಲವು ವರ್ಷ ‘ತಿರುಗಿತೇ, ಹೊತ್ತಿಕೊಂಡಿತೇ, ನಿಂತಿತೇ’ ಎಂದು ಕೇಳಿ ನೋಡಿದೆ. ‘ತಿರುಗಿತು’ ಎಂಬುದು ಎಲ್ಲರಿಗೂ ಒಂದೇ ಅರ್ಥ ಕೊಟ್ಟಿತು. ‘ಹೊತ್ತಿಕೊಂಡಿತು’ ಎಂಬುದನ್ನು ಬಿಡಬೇಕಾಯಿತು. ಬೋಟಿನಲ್ಲಿ ಇಂಜಿನ್ ಹೊತ್ತಿಕೊಂಡಿತು ಎಂದರೆ ಬೆಂಕಿ ಬಿತ್ತು ಎಂದೇ ಅರ್ಥ, ದಡದಲ್ಲಿರುವವರು ಹೌಹಾರುತ್ತಾರೆ. ‘ನಿಂತಿತು’ ಎಂಬುದು ಇನ್ನೂ ಕಷ್ಟದ್ದು, ಮಾತು ನಿಂತಿತು ಎಂದರೆ ಕೊನೆಗೊಂಡಿತು, ಹೂವು ಕಾಯಿಗೆ ನಿಂತಿತು ಎಂದರೆ ಉಳಿದುಕೊಂಡಿತು. ಕಡೆಗೆ ನಾನು ಉಳಿಸಿಕೊಂಡದ್ದು ‘ತಿರುಗಿತಾ, ಫೈರಿಂಗ್ ಬಂತಾ, ಎಷ್ಟು ಹೊತ್ತು ಓಡಿತು’ ಎಂಬ ಮೂರು ಪ್ರಶ್ನೆಗಳನ್ನು. ಫೈರಿಂಗ್, ಅಂದರೆ ಸಿಲಿಂಡರಿನಲ್ಲಿ ಇಂಧನ ಉರಿಯತೊಡಗುವುದು, ಎಂಬುದು ನಮ್ಮ ಗ್ಯಾರೇಜುಗಳಲ್ಲಿ ಎಲ್ಲ ಹುಡುಗರಿಗೂ ತಿಳಿದಿರುವ ಪದ, ಅದು ಎಲ್ಲಿಂದ ಬಂತೆಂಬುದಕ್ಕಿಂತ ಅದು ಇಬ್ಬರಿಗೂ ಒಂದೇ ಅರ್ಥ ಕೊಡುತ್ತದೆ ಎಂಬುದು ನನಗೆ ಮುಖ್ಯ. ನಮ್ಮ ಕಡೆಯವರ ಆಡುಮಾತಿನಲ್ಲಿ ಈ ಭೇದ ಇಲ್ಲವೆಂದೂ ಅಲ್ಲ. “ಸೆಲ್ಫ್ ತಗಂತೈತೆ ಕಣಣ್ಣ, ಸ್ಟಾರ್ಟ್ ಮಾತ್ರ ಆಗ್ತಿಲ್ಲ” ಎಂದು ಶಿರಾದ ಕಡೆಯ ಒಬ್ಬ ಚಾಲಕ ಹೇಳಿದಾಗ ನನಗೆ ಎಷ್ಟು ಸಂತೋಷವಾಯಿತೆಂದರೆ, ಅಷ್ಟರಲ್ಲೇ ಅರ್ಧ ಕೆಲಸ ಮುಗಿದಿತ್ತು.

ಇನ್ನೊಂದು ಮಾತನ್ನು ವಿದ್ಯಾರ್ಥಿಗಳು ಮನಸ್ಸಿಟ್ಟು ಕೇಳಬೇಕು. ಜನ ನಮ್ಮ ಹತ್ತಿರ ಬರುವಾಗ ಕಂಡದ್ದನ್ನು ಹೇಳುವುದಕ್ಕಿಂತ ತೀರ್ಪನ್ನು ಹೇಳುವುದೇ ಹೆಚ್ಚು. ‘ಬ್ಯಾಟರಿ ಹೋಗಿದೆ’, ‘ಪಂಪು ವೀಕ್ ಆಗಿದೆ’ ಎಂಬವು ತೀರ್ಪುಗಳು. ಏನೂ ತಿಳಿಯದವರಂತೆ ಕಾಣಬಾರದು ಎಂಬ ಸಂಕೋಚ ಅದರ ಹಿಂದಿರುತ್ತದೆ, ಮೆಕ್ಯಾನಿಕ್ ತಮ್ಮನ್ನು ಮೋಸ ಮಾಡಬಾರದು ಎಂಬ ಎಚ್ಚರವೂ ಇರುತ್ತದೆ, ಎರಡೂ ಸಹಜವೇ. ಅವರ ತೀರ್ಪನ್ನು ತಳ್ಳಿಹಾಕಿ ಅವಮಾನಿಸಬೇಡಿ, ಆದರೆ ಜಾಬ್ ಕಾರ್ಡಿನಲ್ಲಿ ಅದನ್ನೇ ಬರೆದು ಮುಗಿಸಬೇಡಿ. ನನ್ನ ವರ್ಕ್‌ಶಾಪಿನ ಕಾರ್ಡಿನಲ್ಲಿ ದೂರಿನ ಜಾಗವನ್ನು ಎರಡು ಸಾಲಾಗಿ ಮಾಡಿಸಿದ್ದೇನೆ. ಮೇಲಿನ ಸಾಲಿನಲ್ಲಿ ತಂದವರು ಕಂಡದ್ದು ಮತ್ತು ಕೇಳಿಸಿಕೊಂಡದ್ದು, ಕೆಳಗಿನ ಸಾಲಿನಲ್ಲಿ ಅವರ ಊಹೆ. ಮೇಲಿನ ಸಾಲು ಖಾಲಿಯಿದ್ದರೆ ಹುಡುಗರು ಪಾನಾ ಮುಟ್ಟುವಂತಿಲ್ಲ.

ಉಪನ್ಯಾಸದ ಬಳಿಕ ಸಣ್ಣ ಗೂಡ್ಸ್ ಗಾಡಿ ಇಟ್ಟುಕೊಂಡಿರುವ ಹಿರಿಯರೊಬ್ಬರು ಎದ್ದು ನಿಂತು, ತಮ್ಮ ಡೀಸೆಲ್ ಗಾಡಿಯ ಬ್ಯಾಟರಿ ಹೋಗಿದೆ, ಯಾವ ಬ್ಯಾಟರಿ ಹಾಕಿಸಲಿ ಎಂದು ಕೇಳಿದರು. ಕೀಲಿ ತಿರುಗಿಸಿದಾಗ ನಿಮ್ಮ ಕಿವಿಗೆ ಏನು ಕೇಳಿಸುತ್ತದೆ ಎಂದು ನಾನು ಕೇಳಿದೆ. “ಗೊರಗೊರಗೊರ ಅಂತ ಜೋರಾಗೇ ತಿರುಗ್ತೈತೆ, ಹಿಂದೆ ಬೆಳ್ಳಗೆ ಹೊಗೆ ಬರ್ತೈತೆ, ಹತ್ತು ಸಲ ಹೊಡೆದ ಮೇಲೆ ಹೊರಡ್ತೈತೆ” ಎಂದರು. ಮಧ್ಯಾಹ್ನ ಹೇಗೆ ಎಂದೆ. “ಮಧ್ಯಾಹ್ನ ಬಿಸಿಲಲ್ಲಿ ಒಂದೇ ಸಲಕ್ಕೆ” ಎಂದರು. ಸಭೆಯಲ್ಲಿದ್ದ ಹುಡುಗರಲ್ಲಿ ಮೂವರು ಒಟ್ಟಿಗೆ “ಹೀಟರ್ ಪ್ಲಗ್” ಎಂದು ಕೂಗಿದರು. ತಣ್ಣಗಿರುವ ಡೀಸೆಲ್ ಇಂಜಿನ್ ಹೊರಡಲು ಸಿಲಿಂಡರಿನ ಒಳಗೆ ಬಿಸಿ ಕೊಡುವ ಭಾಗ ಅದು. ಮೊದಲು ಅದನ್ನೇ ನೋಡಿಸಿ, ಬ್ಯಾಟರಿಗೆ ಈಗಲೇ ಹಣ ಕೊಡಬೇಡಿ ಎಂದು ಅವರಿಗೆ ಹೇಳಿ, ನಾಳೆ ಬೆಳಿಗ್ಗೆ ಗಾಡಿ ತಣ್ಣಗಿರುವಾಗಲೇ, ಯಾರೂ ಸೆಲ್ಫ್ ಹೊಡೆಯದೆ, ತಳ್ಳಿಕೊಂಡಾದರೂ ಸರಿ ವರ್ಕ್‌ಶಾಪಿಗೆ ತರಬೇಕೆಂದು ಕೇಳಿಕೊಂಡೆ.